ತಟ್ಟೆ ಎತ್ತುವ ಮುನ್ನ

ಮೂವತ್ತಾರನೇ ವಯಸ್ಸಿಗೆ ನಿವೃತ್ತನಾದವನು ನಮ್ಮ ಸಿರಿಗೇರಿಯಲ್ಲಿ ಬಹುಶಃ ನಾನೊಬ್ಬನೇ. ಪ್ರವಾಸಿ ಹಡಗಿನ ಕೆಲಸಕ್ಕೆ ಪ್ರತಿ ಸಲ ಹೊರಡುವ ಮುಂಚೆ ವೈದ್ಯರ ಪರೀಕ್ಷೆ ಆಗಬೇಕು. ಏಳು ಕಾಂಟ್ರಾಕ್ಟು ಮುಗಿಸಿ ಎಂಟನೆಯದಕ್ಕೆ ಹೊರಟಾಗ ನನ್ನ ಬೆನ್ನಿನ ಎಕ್ಸ್‌ರೇ ನೋಡಿದ ವೈದ್ಯರು ಸಹಿ ಹಾಕಲಿಲ್ಲ. ಹಾಸಿಗೆಗಳನ್ನು ಎತ್ತಿ ಎತ್ತಿ ಬೆನ್ನಿನ ಕೆಳಭಾಗ ಸವೆದಿತ್ತು. ಸುದ್ದಿ ಕೇಳಿದ ನಮ್ಮವ್ವ, "ಪಿಂಚಣಿ ಇಲ್ಲದ ರಿಟೈರು, ಹೆಂಡ್ತಿ ಇಲ್ಲದ ಸಂಸಾರ. ಎಲ್ಲಾ ನಿನಗ ಬರೋಬರಿ ಕೂಡಿ ಬಂತು ನೋಡು" ಎಂದಳು. ಈಗ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಊರಿನ ಹೋಟೆಲುಗಳಲ್ಲಿ ಬಡಿಸುವವರಿಗೆ ವಾರಕ್ಕೆ ಮೂರು ದಿನ ಪಾಠ ಹೇಳುತ್ತೇನೆ.

ಹಡಗಿಗೆ ಹೋಗಬೇಕೆಂದಿರುವ ಸಿರುಗುಪ್ಪ, ಕೊಳಗಲ್ಲು ಕಡೆಯ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೊದಲು ಸಂಬಳ ಕೇಳುತ್ತಾರೆ. ಆಮೇಲೆ, "ವಾಂತಿ ಆಕೈತೇನ್ರಿ?" ಎಂದು ಕೇಳುತ್ತಾರೆ. ಸಂಬಳ ಕಂಪನಿಯ ಕಾಗದದಲ್ಲಿ ಬರೆದಿರುತ್ತದೆ. ವಾಂತಿ ಮೊದಲ ಕೆಲವು ದಿನ ಆಗುತ್ತದೆ, ನಂತರ ನಿಲ್ಲುತ್ತದೆ. ಅವರು ಕೇಳದೆ ಉಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಶಾಲೆಯಿಂದಲೂ ಇದೆ. ಯಾವ ಬಂದರು, ಎಷ್ಟು ಸೂಟು, ಯಾರು ಏನು ಕೇಳಿದರು, ನಾನು ಏನು ತಪ್ಪು ಮಾಡಿದೆ ಎಂದು ದಿನಕ್ಕೆ ಅರ್ಧ ಪುಟ. ಅದರಲ್ಲಿ ತಪ್ಪಿನ ಭಾಗವೇ ಹೆಚ್ಚಿರುವುದರಿಂದ ಓದುವವರಿಗೆ ಉಪಯೋಗವಾದೀತು.

ನಾನು ಮಾಡಿದ್ದು ಸೂಟಿನ ಬಟ್ಲರ್ ಕೆಲಸ. ಹಡಗಿನ ಮೇಲಂತಸ್ತಿನಲ್ಲಿ ಬೈಠಕ್ಕು, ಬಾಲ್ಕನಿ, ಅಮೃತಶಿಲೆಯ ಬಚ್ಚಲು ಇರುವ ದೊಡ್ಡ ಕೋಣೆಗಳಿಗೆ ಸೂಟ್ ಎನ್ನುತ್ತಾರೆ. ಅಲ್ಲಿಗೆ ಬರುವವರು ಹೆಚ್ಚಾಗಿ ದಂಪತಿಗಳು. ಅವರ ಪೆಟ್ಟಿಗೆ ಬಿಚ್ಚಿ ಬಟ್ಟೆ ತೂಗುಹಾಕುವುದು, ಕಸ ಹೊಡೆದು ಹಾಸಿಗೆ ಸರಿಮಾಡುವುದು, ಬೆಳಿಗ್ಗೆ ಕೋಣೆಗೆ ತಿಂಡಿ ತರುವುದು, ಸಂಜೆ ಸೂಟಿನವರಿಗಾಗಿಯೇ ಇರುವ ಸಣ್ಣ ಊಟದ ಮನೆಯಲ್ಲಿ ಅವರಿಗೆ ಬಡಿಸುವುದು ನನ್ನ ಕೆಲಸ. ನಾವು ಮಲಗುತ್ತಿದ್ದುದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ. ಸಮುದ್ರ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ಅತಿಥಿಗಳ ಬಾಲ್ಕನಿಯ ಗಾಜು ಒರೆಸುವಾಗ ಕಂಡಷ್ಟನ್ನೇ ನಾನು ಹೇಳಬಲ್ಲೆ. ನಗುವುದು ಸಮವಸ್ತ್ರದಷ್ಟೇ ಕಡ್ಡಾಯ. ಅದೆಲ್ಲ ಸುಳ್ಳು ನಗು ಎಂದುಕೊಳ್ಳಬೇಡಿ. ದಿನವಿಡೀ ಸುಳ್ಳು ನಗಲು ಯಾರಿಂದಲೂ ಆಗುವುದಿಲ್ಲ. ಎರಡನೇ ವಾರದ ಹೊತ್ತಿಗೆ ನಗಲು ನಿಜವಾದ ಕಾರಣಗಳನ್ನು ಹುಡುಕಿಕೊಳ್ಳುತ್ತೇವೆ.

ನನ್ನ ಮೊದಲ ದೊಡ್ಡ ತಪ್ಪು ಚಪ್ಪಲಿಗಳದ್ದು. ಇಂಗ್ಲೆಂಡಿನ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಅವರು ಮೇಲೆ ಚಹಾ ಕುಡಿಯುತ್ತಿದ್ದಾಗ ನಾನು ಪೆಟ್ಟಿಗೆಗಳನ್ನು ಬಿಚ್ಚಿದೆ. ಬಟ್ಟೆಯನ್ನು ಕಪಾಟಿನಲ್ಲಿ ಇಟ್ಟೆ. ಬೂಟು, ಚಪ್ಪಲಿಗಳನ್ನು ಹೊಳೆಯುವಂತೆ ಒರೆಸಿ, ಬಾಗಿಲ ಹೊರಗೆ ಓಣಿಯ ಗೋಡೆಗುಂಟ ಸಾಲಾಗಿ ಜೋಡಿಸಿದೆ. ಹಡಗಿನ ಓಣಿಯಲ್ಲಿ ಒಂದು ಕಡ್ಡಿಯೂ ಇರಕೂಡದು, ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು. ಸುರಕ್ಷತೆಯ ಅಧಿಕಾರಿ ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದರು. ಅಂದು ಸಂಜೆ ಕ್ಯಾಪ್ಟನ್ ಜತೆಗಿನ ಊಟಕ್ಕೆ ಆ ಯಜಮಾನರು ಕರಿ ಸೂಟು, ಕತ್ತಿಗೆ ಬೋ, ಕಾಲಿಗೆ ಬಚ್ಚಲಿನ ಬಿಳಿ ಸ್ಲಿಪ್ಪರು ಹಾಕಿಕೊಂಡು ಬಂದರು.

ನಮ್ಮ ಹಿರಿಯ ಬಟ್ಲರ್ ಎರ್ನೆಸ್ಟೊ ನನ್ನನ್ನು ಪಕ್ಕಕ್ಕೆ ಕರೆದರು. ಅವರು ಫಿಲಿಪೈನ್ಸಿನವರು, ನನ್ನಪ್ಪನ ವಯಸ್ಸು.

"ಹೊರಗೆ ಯಾಕೆ ಇಟ್ಟೆ?"

"ಮನೆಯೊಳಗೆ ಹೇಗೆ ಇಡುವುದು, ಸರ್?"

"ನಮ್ಮ ಮನೆಯಲ್ಲೂ ಹೊರಗೇ ಬಿಡುತ್ತೇವೆ. ಆದರೆ ಐದು ದಿನದ ಮಟ್ಟಿಗೆ ಇದು ಅವರ ಮನೆ. ಅವರ ಮನೆಯಲ್ಲಿ ಎಲ್ಲಿ ಇಡುತ್ತಾರೋ ಅಲ್ಲಿಡು."

ಬಡಿಸುವುದನ್ನೂ ಅವರೇ ಕಲಿಸಿದರು. ಒಂದು ಮೇಜಿನಲ್ಲಿ ಇಬ್ಬರಿದ್ದರೆ ಇಬ್ಬರ ತಟ್ಟೆಯೂ ಒಟ್ಟಿಗೆ ಇಳಿಯಬೇಕು, ಒಟ್ಟಿಗೆ ಏಳಬೇಕು. ಒಬ್ಬರು ಮುಗಿಸಿ ಇನ್ನೊಬ್ಬರು ಮುಟ್ಟದೇ ಕುಳಿತಿದ್ದರೆ ಸ್ವಲ್ಪ ಕಾದು, ಮೆಲ್ಲಗೆ "ತೆಗೆಯಲೇ?" ಎಂದು ಕೇಳಬೇಕು. ಏಳುವ ಸೂಚನೆ ಕಂಡ ಕೂಡಲೇ ಹೆಂಗಸರ ಕುರ್ಚಿ ಹಿಂದಕ್ಕೆ ಎಳೆಯಬೇಕು. ನಾನು ಸೇರಿದಾಗ ಯಾರಿಗೆ ಏನು ಇಷ್ಟ ಎಂಬುದನ್ನು ಕೈಬರಹದ ಚೀಟಿಗಳಲ್ಲಿ ಇಡುತ್ತಿದ್ದೆವು. ಬಿಡುವ ಹೊತ್ತಿಗೆ ಎಲ್ಲರ ಕೈಗೂ ಟ್ಯಾಬ್ ಬಂದಿತ್ತು. ಎರ್ನೆಸ್ಟೊ ಎರಡನ್ನೂ ಪೂರ್ತಿ ನಂಬುತ್ತಿರಲಿಲ್ಲ. "ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ನೀನು ತಟ್ಟೆ ನೋಡು. ತಟ್ಟೆ ಸುಳ್ಳು ಹೇಳುವುದಿಲ್ಲ" ಎನ್ನುತ್ತಿದ್ದರು. ಆ ಮಾತು ಒಮ್ಮೆ ಮಾತ್ರ ನನ್ನನ್ನು ದಾರಿ ತಪ್ಪಿಸಿತು. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆರನೇ ಕಾಂಟ್ರಾಕ್ಟು, ಸಿಂಗಾಪುರದಿಂದ ಹೊರಡುವ ಐದು ರಾತ್ರಿಗಳ ಯಾನ. ಜೀನ್ಸ್ ಪ್ಯಾಂಟಿನ ಜಿಪ್ ಮಾರುವ ಕಂಪನಿಯೊಂದು ತನ್ನ ದೊಡ್ಡ ಗಿರಾಕಿಗಳನ್ನು ಕರೆತಂದಿತ್ತು. ಎಲ್ಲರಿಗಿಂತ ಹೆಚ್ಚು ಜಿಪ್ ಕೊಂಡವರಿಗೆ ಸೂಟು, ಉಳಿದವರಿಗೆ ಕೆಳಗಿನ ಮಾಮೂಲಿ ಕೋಣೆಗಳು. ಸೂಟು ಸಿಕ್ಕವರು ಪಂಪಾಪತಿ ಮತ್ತು ಅವರ ಹೆಂಡತಿ ನೀಲಮ್ಮ. ಮನೆ ಕುರುಗೋಡಿನಲ್ಲಿ, ಜೀನ್ಸ್ ಹೊಲಿಯುವ ಕಾರ್ಖಾನೆ ಬಳ್ಳಾರಿಯಲ್ಲಿ. ಟ್ಯಾಬಿನಲ್ಲಿ ನನಗೆ ಕಂಡದ್ದು ಹೆಸರು, ಇಂಡಿಯಾ, ಸಸ್ಯಾಹಾರ ಎಂಬಷ್ಟೇ.

ನಾನು ಕೋಟು, ಬಿಳಿ ಕೈಗವಸು ಹಾಕಿಕೊಂಡು ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದೆ. ನೀಲಮ್ಮ ನನ್ನನ್ನು ದಾಟಿ ಒಳಗೆ ನೋಡಿದರು.

"ಯವ್ವಾ, ಮಲಗೋ ಖೋಲಿ ಅಂದ್ರ ಇದು ಕಲ್ಯಾಣ ಮಂಟಪ ಇದ್ದಂಗ ಐತಿ. ಕಸ ಯಾರು ಹೊಡೀತಾರ ಇದನ್ನ?"

"ನಾನ ಹೊಡೀತೀನ್ರಿ ಅಮ್ಮಾ," ಎಂದೆ.

ಅವರು ಬೆಚ್ಚಿ ಗಂಡನ ತೋಳು ಹಿಡಿದುಕೊಂಡರು. ಆಮೇಲೆ ಜೋರಾಗಿ ನಕ್ಕರು. "ಅಯ್ಯ ನಿನ್ನ! ನಮ್ಮ ಕಡಿಯಾಂವ! ಯಾವೂರು ತಮ್ಮಾ?"

"ಸಿರಿಗೇರಿ ರೀ."

"ಸಿರಿಗೇರ್ಯಾಗ ಯಾವ ಓಣಿ?" ಎಂದು ಪಂಪಾಪತಿಯವರು ಕೇಳಿದರು.

ನಾನು ಓಣಿಯ ಹೆಸರು ಹೇಳಿದೆ. ಆ ಹೆಸರು ಹೇಳಿದ ಮೇಲೆ ನಾವು ಬೌದ್ಧರು, ಹಿಂದೆ ಊರ ಹೊರಗೆ ಇರಿಸಲ್ಪಟ್ಟವರು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. "ಓ... ಹಂಗೇನು," ಎಂದ ಪಂಪಾಪತಿಯವರು ಬಾಲ್ಕನಿಯ ಕಡೆ ತಿರುಗಿದರು. ಆ "ಓ" ಎಷ್ಟು ಉದ್ದವಿರುತ್ತದೆ ಎನ್ನುವುದರ ಮೇಲೆ ಮುಂದಿನದನ್ನು ಅಂದಾಜು ಮಾಡುವುದು ನನಗೆ ಚಿಕ್ಕಂದಿನಿಂದ ರೂಢಿ. ಇದು ಮಧ್ಯಮ ಉದ್ದದ್ದು.

ಮನೆಯ ಅಡುಗೆಯನ್ನು ಹಡಗಿನೊಳಗೆ ತರಲು ಬಿಡುವುದಿಲ್ಲ. ನೀಲಮ್ಮ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಬಂದರಿನಲ್ಲೇ ತೆಗೆದುಕೊಂಡಿದ್ದರು. ಆ ಸಿಟ್ಟನ್ನು ಅವರು ನನ್ನ ಮುಂದೆ ತೀರಿಸಿಕೊಂಡರು. "ಬಾಂಬೇನು ಅದು? ಚಟ್ನಿ ಐತಿ ಅಂದ್ರೂ ಕೇಳಲಿಲ್ಲ ನೋಡು."

ಅಂದು ಸಂಜೆ ಊಟಕ್ಕೆ ಬಂದರು. ಕಿಟಕಿಯ ಪಕ್ಕ ಇಬ್ಬರ ಮೇಜು. ನಾನು ಟೊಮೆಟೊ ಸೂಪಿನ ಎರಡು ತಟ್ಟೆಗಳನ್ನು ಒಟ್ಟಿಗೆ ಇಳಿಸಿದೆ. ಪಂಪಾಪತಿಯವರು ಬೇಗ ಉಣ್ಣುವ ಮನುಷ್ಯ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಮೇಜಿನ ಬಟ್ಟೆಯ ಅಂಚನ್ನು ಮಗುಚಿ ಹೊಲಿಗೆ ನೋಡುತ್ತಿದ್ದರು. "ನಿನ್ನ ಕೋಟಿಂದು ಕಂಕುಳಾಗ ಹೊಲಿಗಿ ಸೈಲಾಗೇತಿ, ನೋಡ್ಕೊ," ಎಂದು ನನಗೂ ಹೇಳಿದರು. ನೀಲಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಕಾದೆ. ಆಮೇಲೆ ಕೇಳಿದೆ.

"ಅಮ್ಮಾ, ತೆಗೀಲೇನ್ರಿ?"

"ತೆಗಿ, ತೆಗಿ," ಎಂದರು.

ಹೀಗೆಯೇ ಬೀಟ್‌ರೂಟಿನ ತಟ್ಟೆ ಹೋಯಿತು, ಅಣಬೆಯ ಅನ್ನ ಹೋಯಿತು, ಸಿಹಿಯೂ ಹೋಯಿತು. ಪಂಪಾಪತಿಯವರು ಬಾಯಿ ಒರೆಸಿಕೊಂಡು ಎದ್ದರು. ನೀಲಮ್ಮ ಸೀರೆಯ ಸೆರಗು ಸರಿಮಾಡಿಕೊಂಡು ಸ್ವಲ್ಪ ಮುಂದಕ್ಕೆ ಬಾಗಿದರು. ಏಳುತ್ತಿದ್ದಾರೆಂದು ನಾನು ಅವರ ಕುರ್ಚಿಯನ್ನು ಹಿಂದಕ್ಕೆ ಎಳೆದೆ. ಅವರು ಒಂದು ಸಲ ಮೇಜು ನೋಡಿ, ಒಂದು ಸಲ ನನ್ನನ್ನು ನೋಡಿ, ಎದ್ದರು.

ಅಡುಗೆಮನೆಯಲ್ಲಿ ಎರ್ನೆಸ್ಟೊ ಆ ನಾಲ್ಕು ತುಂಬಿದ ತಟ್ಟೆಗಳನ್ನು ನೋಡಿದರು. "ಉಪ್ಪು ಕಡಿಮೆಯಾಯಿತೇ?" ಎಂದರು. ನಾನು ತಟ್ಟೆಗಳನ್ನು ತೊಳೆಯಲು ಇಟ್ಟೆ.

ಮರುದಿನ ಬೆಳಿಗ್ಗೆ ಕೋಣೆಗೆ ತಿಂಡಿ ತಂದೆ. ಮತ್ತೆ ಅದೇ. ಆಕೆಯ ತಟ್ಟೆ ಹೇಗೆ ಬಂತೋ ಹಾಗೆ ಹೋಯಿತು. ಆದರೆ ಹಣ್ಣಿನ ಬುಟ್ಟಿಯಲ್ಲಿ ಬಾಳೆಹಣ್ಣು ಕಡಿಮೆಯಾಗಿತ್ತು, ಸಿಪ್ಪೆಗಳು ಬುಟ್ಟಿಯ ಪಕ್ಕದಲ್ಲಿ ಅಚ್ಚುಕಟ್ಟಾಗಿ ಮಡಚಿಟ್ಟಿದ್ದವು. ಅದನ್ನು ನೋಡಿದಾಗ ನನಗೆ ಎಲ್ಲಾ ತಿಳಿಯಿತು ಎನಿಸಿತು. ನಮ್ಮಂಥವರ ಕೈ ಒಳಗೆ ತಗಲದ ಹಣ್ಣನ್ನು ತಿನ್ನಬಹುದು, ನಾವು ಬೇಯಿಸಿ ಬಡಿಸಿದ್ದನ್ನು ತಿನ್ನಕೂಡದು. ಈ ಲೆಕ್ಕ ನನ್ನ ಅಜ್ಜಿಗೆ ಗೊತ್ತಿತ್ತು, ನನ್ನಪ್ಪನಿಗೆ ಗೊತ್ತಿತ್ತು. ಆ ಹಡಗಿನಲ್ಲಿ ಇಷ್ಟು ದೇಶಗಳ ಜನರಿದ್ದರೂ ಹಾಗೆ ಯೋಚಿಸಬಲ್ಲವನು ನಾನೊಬ್ಬನೇ ಇದ್ದೆ.

ಮಧ್ಯಾಹ್ನ ಪಂಪಾಪತಿಯವರು ಜಿಪ್ ಕಂಪನಿಯ ಸಭೆಗೆ ಹೋಗಿದ್ದರು, ಊಟವೂ ಅಲ್ಲೇ. ನಾನು ಫೋನು ಮಾಡಿ, "ಅಮ್ಮಾ, ಊಟ ತರಲೇನ್ರಿ?" ಎಂದೆ. "ಇವರು ಬರ್ಲಿ ತಮ್ಮಾ," ಎಂದರು. ಅದೂ ಒಂದು ನೆಪ ಎಂದುಕೊಂಡು ಮತ್ತೆ ಕೇಳಲಿಲ್ಲ.

ಎರ್ನೆಸ್ಟೊ ಬಳಿ ಹೋಗಿ, ಸಂಜೆ ಆ ಮೇಜಿಗೆ ಬಾಲಿ ದ್ವೀಪದ ವಾಯನ್ ಬಡಿಸಲಿ ಎಂದು ಕೇಳಿಕೊಂಡೆ.

"ಅವರು ಕೇಳಿದರೇ?"

"ಇಲ್ಲ."

"ನಿನ್ನ ಊರಿನವರು ಅಂತ ನಿನ್ನೆ ಕುಣಿದಾಡುತ್ತಿದ್ದೆಯಲ್ಲ?"

"ಅದಕ್ಕೇ ಸರ್."

ಅವರು ಮುಂದೆ ಕೇಳಲಿಲ್ಲ, ಬದಲಾಯಿಸಿದರು. ಅತಿಥಿಯನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ನಾನು ಕೇಳಿದ್ದು ಅದೇ ಮೊದಲು.

ಸಂಜೆ ನಾನು ಲೋಟಗಳನ್ನು ಇಡುವ ಕಪಾಟಿನ ಹತ್ತಿರ ನಿಂತಿದ್ದೆ. ವಾಯನ್ ಬಡಿಸಿದ. ನೀಲಮ್ಮ ಮುಟ್ಟಲಿಲ್ಲ. ಅವನಿಗೂ ಅದೇ ಗತಿಯಾದಾಗ ನನ್ನ ಲೆಕ್ಕ ತಪ್ಪಿತೋ ಎಂಬ ಅನುಮಾನ ಬಂತು. ಆದರೆ ಮನಸ್ಸು ಅದಕ್ಕೂ ಉತ್ತರ ಹುಡುಕಿಕೊಂಡಿತು: ಒಂದು ಸಲ ಬೇಡವೆನಿಸಿದ ಅಡುಗೆಮನೆ ಪೂರ್ತಿ ಬೇಡವಾಗಿರಬೇಕು. ಮುಖ್ಯ ಬಾಣಸಿಗರೇ ಉದ್ದ ಟೊಪ್ಪಿ ಹಾಕಿಕೊಂಡು ಮೇಜಿಗೆ ಬಂದು, ಅಡುಗೆ ಹೇಗಿದೆ ಎಂದು ಕೈಸನ್ನೆ ಮಾಡಿ ಕೇಳಿದರು. "ಭಾಳ ಚಲೋ ಐತಿ," ಎಂದು ನೀಲಮ್ಮ ಒಂದು ಅಗುಳೂ ಮುಟ್ಟದ ತಟ್ಟೆಯ ಮುಂದೆ ಕೈಮುಗಿದರು.

ಬಾಣಸಿಗರು ಹೋದ ಮೇಲೆ ನೀಲಮ್ಮ ನನ್ನನ್ನು ಕಂಡು ಬೆರಳು ಮಡಚಿ ಕರೆದರು. ಹೋದೆ.

"ಯಾಕೋ ತಮ್ಮಾ, ಇವತ್ತ ಯಾಕ ನೀ ಬಡಸಾಕ ಬರಲಿಲ್ಲ? ಸಿಟ್ಟೇನು ನಮ್ಮ ಮ್ಯಾಲೆ?"

ಅಷ್ಟರಲ್ಲಿ ಪಂಪಾಪತಿಯವರು ಊಟ ಮುಗಿಸಿ ಎದ್ದರು, ವಾಯನ್ ಬಂದು ನೀಲಮ್ಮನ ಕುರ್ಚಿ ಎಳೆದ. ಅವರು ಎದ್ದು ನಿಂತವರು ಹಾಗೆಯೇ ಮೇಜಿನ ಅಂಚು ಹಿಡಿದು ವಾಲಿದರು. ಹಣೆ, ಮೇಲ್ತುಟಿ ಬೆವರಿದ್ದವು. ನಾನು ಹಿಡಿದು ಕೂರಿಸಿದೆ.

"ಸಕ್ಕರಿ ಐತೇನ್ರಿ ಅಮ್ಮಗ?"

"ಐತಿ. ಗುಳಿಗಿ ತೊಗೊಂಡಾಳ, ಊಟನೂ ಆಗೇತಿ," ಎಂದರು ಪಂಪಾಪತಿಯವರು.

"ಊಟ ಆಗಿಲ್ರಿ," ಎಂದೆ. "ನಿನ್ನಿಯಿಂದ ಆಗಿಲ್ಲ."

ಕಿತ್ತಳೆ ರಸಕ್ಕೆ ಸಕ್ಕರೆ ಕದಡಿ ಕುಡಿಸಿದೆವು. ಎರ್ನೆಸ್ಟೊ ಹಡಗಿನ ವೈದ್ಯರನ್ನು ಕರೆದರು. ಅವರು ಬೆರಳು ಚುಚ್ಚಿ ನೋಡಿ, ಸಕ್ಕರೆ ಬಹಳ ಇಳಿದಿದೆ, ಹೊಟ್ಟೆ ಖಾಲಿ ಇಟ್ಟು ಗುಳಿಗೆ ನುಂಗಿದರೆ ಇನ್ನೊಮ್ಮೆ ಏಳಲಾರಿರಿ ಎಂದು ಖಂಡಿತವಾಗಿ ಹೇಳಿ, ಎದುರಿಗೇ ಬ್ರೆಡ್ಡು ತಿನ್ನಿಸಿ ಹೋದರು. ಪಂಪಾಪತಿಯವರ ಮುಖ ಬಿಳುಚಿತ್ತು.

"ಎರಡು ದಿನದಿಂದ ಉಂಡಿಲ್ಲಂದ್ರ ಏನಲೇ ಇದು? ನನ್ನ ಎದುರಿಗೇ ಕುಂತಿದ್ದೆಲ್ಲ!"

"ಎದುರಿಗೆ ಕುಂತಿದ್ದೆ. ಉಣ್ಣಾಕ ಎಲ್ಲಿ ಬಿಟ್ರು?" ನೀಲಮ್ಮನಿಗೆ ಮಾತಿನ ಶಕ್ತಿ ಮರಳಿತ್ತು. "ನೀವು ಎದ್ದ ಮ್ಯಾಲಲ್ಲೇನು ನಾ ಉಣ್ಣೂದು? ನೀವು ಉಣ್ಣಾಕತ್ತಿದಾಗ ತಟ್ಟಿ ತಂದಿಡ್ತಾರ. ನೀವು ಮುಗಿಸಿದ ಕೂಡ್ಲೇ ತೆಗೀಲೇನು ಅಂತಾರ. ನಿಮಗ ಮುಂದಿಂದು ಬರಲಿ ಅಂತ ತೆಗಿ ಅಂತೀನಿ. ಕಡೀಕ ನನ್ನ ಪಾಳಿ ಬಂತು ಅಂತ ಸೆರಗು ಸಿಗಸ್ಕೋತೀನಿ, ಕುರ್ಚಿನ ಎಳೀತಾರ!"

"ಬಾಯಿ ಬಿಟ್ಟು ಹೇಳಬಾರದೇನು?"

"ಏನಂತ ಹೇಳ್ಲಿ? ಇಷ್ಟು ಮಂದಿ ಕೋಟು ಹಾಕ್ಕೊಂಡು ನಿಂತಾರ, ಅವರ ಮುಂದ ನನಗ ಹಸಿವಾಗೇತಿ ಅನ್ಲ್ಯಾ?"

ನಾನು ಎರ್ನೆಸ್ಟೊಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಎರಡು ಸಲ ಹೇಳಿಸಿಕೊಂಡರು. ನಾನು ಹೇಳುತ್ತಿದ್ದುದು ಅವರಿಗೆ; ಆದರೆ ಕೇಳಿ ತಲೆ ತಗ್ಗಿಸಬೇಕಾದವನು ನಾನೇ. ನಮ್ಮವ್ವ ಇಂದಿಗೂ ಅಪ್ಪ ಎದ್ದ ಮೇಲೇ ಉಣ್ಣುವುದು. ಅದನ್ನು ದಿನಾ ನೋಡಿ ಬೆಳೆದ ನನಗೆ, ಆ ಮೇಜಿನಲ್ಲಿ ಅದು ಹೊಳೆದಿರಲಿಲ್ಲ. ಬೇರೊಂದು ಹೊಳೆದಿತ್ತು.

"ನಾಳಿಯಿಂದ ನನ್ನ ಜತಿಗೇ ಉಣ್ಣು," ಎಂದರು ಪಂಪಾಪತಿಯವರು. "ನಾ ಯಾವತ್ತರ ಬ್ಯಾಡ ಅಂದೀನೇನು?"

"ನೀವೇನ್ ಅಂದಿಲ್ಲ. ನಿಮ್ಮ ಜತಿ ಉಂಡ್ರ ನನಗ ರುಚಿ ಹತ್ತಂಗಿಲ್ಲ. ನೀವು ಉಣ್ಣೂದಂದ್ರ ಬಳ್ಳಾರಿ ಬಸ್ಸು ಬಿಟ್ಟು ಹೊಕ್ಕೈತಿ ಅನ್ನಂಗ ಉಣ್ತೀರಿ. ನಾ ಕಾರ್ಖಾನ್ಯಾಗ ಹೆಣ್ಮಕ್ಕಳ ಜತಿ ಕುಂತು ಮಾತಾಡ್ಕೋತ ತಾಸುಗಟ್ಲೆ ಉಣ್ಣಾಕಿ."

ಪಂಪಾಪತಿಯವರು ಮೇಜಿನ ಬಟ್ಟೆಯ ಅಂಚನ್ನು ಮತ್ತೆ ಮಗುಚಿ ಹೊಲಿಗೆ ನೋಡತೊಡಗಿದರು. ಗಿರಾಕಿಯ ಜತೆ ವ್ಯಾಪಾರ ಮುರಿದಾಗ ಹೀಗೇ ಮಾಡುತ್ತಾರೇನೋ. "ಇಷ್ಟು ವರ್ಷ ಆತು, ಈಕಿ ತಾಸುಗಟ್ಲೆ ಉಣ್ತಾಳ ಅಂತ ನನಗ ಗೊತ್ತ ಇದ್ದಿಲ್ಲ ನೋಡಪಾ," ಎಂದು ನನಗೆ ಹೇಳಿದರು.

ಎರ್ನೆಸ್ಟೊ ತಮ್ಮ ನಿಯಮವನ್ನು ತಾವೇ ಮುರಿದರು. ಮರುದಿನದಿಂದ ಆ ಮೇಜಿಗೆ ಎರಡು ಊಟ, ಒಂದಾದ ಮೇಲೆ ಒಂದು. ಮೊದಲು ಯಜಮಾನರದು. ಅವರು ಎದ್ದು ಡೆಕ್ಕಿನ ಮೇಲೆ ನೆಲ್ಲೂರಿನ ವ್ಯಾಪಾರಿಯೊಬ್ಬರ ಜತೆ ತೆಲುಗಿನಲ್ಲಿ ಹರಟೆಗೆ ಹೋದ ಮೇಲೆ ಮೇಜಿನ ಬಟ್ಟೆ ಬದಲಿಸಿ, ಹೊಸದಾಗಿ ನೀಲಮ್ಮನದು. ಬಡಿಸುವವನು ನಾನೇ. ಮೂರನೇ ದಿನ ಬೆಳಿಗ್ಗೆ ಅವರು ಉಪ್ಪಿಟ್ಟಿನಂಥದ್ದೊಂದನ್ನು ಪೂರ್ತಿ ತಿಂದರು. ಸಂಜೆ ಸೂಪು ಬೇಡವೆಂದರು.

"ನೀವೆಲ್ಲಾ ಏನು ಉಣ್ತೀರಿ ಕೆಳಗ?"

"ಅನ್ನ, ಬ್ಯಾಳಿ, ಮೊಸರು ರೀ."

"ಅದನ್ನ ತಾ ನನಗ."

ಸಿಬ್ಬಂದಿಯ ಊಟದ ಮನೆಯಿಂದ ಅನ್ನ, ಬೇಳೆ ತಂದೆ. ಅದು ಹಾಗೆಯೇ ಸೂಟಿನವರ ಮೇಜಿಗೆ ಹೋಗುವಂತಿಲ್ಲ. ಬಾಣಸಿಗರು ಅದನ್ನು ಚಿನ್ನದ ಅಂಚಿನ ತಟ್ಟೆಗೆ ಹಾಕಿ ಮೇಲೊಂದು ಸಣ್ಣ ಎಲೆ ಚುಚ್ಚಿದರು. ನೀಲಮ್ಮ ಎಲೆಯನ್ನು ತೆಗೆದು ಪಕ್ಕಕ್ಕಿಟ್ಟು, ಚಮಚದಿಂದ ನಿಧಾನವಾಗಿ ಉಣ್ಣತೊಡಗಿದರು. ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಹೆಂಗಸರ ಕಥೆ ಹೇಳಿದರು. ಯಾರು ಯಾರ ಡಬ್ಬಿಯ ಪಲ್ಯ ಕದಿಯುತ್ತಾರೆ ಎಂದು ಹೇಳಿ ನಗಿಸಿದರು. ನಾನು ಎರಡನೇ ಸಲ ಅನ್ನ ಬಡಿಸುವಾಗ ಹೇಳಿಯೇ ಬಿಟ್ಟೆ.

"ಅಮ್ಮಾ, ನಾ ಬಡಸಿದ್ದಕ್ಕ ನೀವು ಉಣ್ಣಲಿಲ್ಲ ಅಂದ್ಕೊಂಡಿದ್ದೆ ರೀ. ಅದಕ್ಕ ಆ ಹುಡುಗನ್ನ ಕಳಿಸಿದ್ದೆ."

ಅವರ ಚಮಚ ನಿಂತಿತು. ಛೇ ಛೇ ಎಂದು ಕೂಡಲೇ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವರು ಹಾಗೆ ಅನ್ನಲಿಲ್ಲ.

"ನಮ್ಮತ್ತಿ ಆಗಿದ್ರ ಉಣ್ತಿದ್ದಿಲ್ಲ," ಎಂದರು. "ನನ್ನ ಕೇಳಿದ್ರ... ಕುರುಗೋಡಾಗ ಆಗಿದ್ರ, ನಾಕು ಮಂದಿ ಏನಂತಾರ ಅಂತ ಹಿಂದ ಮುಂದ ನೋಡ್ತಿದ್ನೋ ಏನೋ. ಸುಳ್ಳು ಯಾಕ ಹೇಳ್ಲಿ. ಇಲ್ಲಿ ಮಾತ್ರ ಆ ವಿಚಾರನ ಬಂದಿದ್ದಿಲ್ಲಪ್ಪ. ನೀ ತಟ್ಟಿ ಎತ್ತಿಕೊಂಡು ಹೋಗಾಕತ್ರ ಜೀವ ಅದರ ಹಿಂದ ಹೊಕ್ಕಿತ್ತು."

ನಾನು ನಕ್ಕೆ. ಅವರು ನಗಲಿಲ್ಲ.

"ನೀ ಉಂಡೇನು?"

"ಇನ್ನೂ ಇಲ್ರಿ."

"ಯಾವಾಗ ಉಣ್ತಿ?"

"ನೀವು ಎದ್ದ ಮ್ಯಾಲೆ ರೀ."

ನೀಲಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಚಮಚವನ್ನು ತಟ್ಟೆಯ ಪಕ್ಕಕ್ಕಿಟ್ಟರು. "ಅಯ್ಯ ದೇವರೇ, ಹಂಗಾದ್ರ ನಾ ಇಲ್ಲಿ ಹರಟಿ ಹೊಡ್ಕೋತ ನಿನ್ನ ಊಟ ತಡ ಮಾಡಾಕತ್ತೀನಿ. ಎತ್ತು, ಎತ್ತು ತಟ್ಟಿ." ಅವರು ಏಳಲು ಮುಂದಕ್ಕೆ ಬಾಗಿದರು.

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ, ಎಳೆಯಲಿಲ್ಲ. "ಮೊಸರು ಉಳಿದೈತ್ರಿ. ಸಾವಕಾಶ ಉಣ್ರಿ. ನಾನೂ ಸಾವಕಾಶನ ಉಣ್ಣಾಂವ."

ಅವರು ಮತ್ತೆ ಕುಳಿತರು. ಉಳಿದ ಮೇಜುಗಳು ಆಗಲೇ ಖಾಲಿಯಾಗಿದ್ದವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸುತ್ತ ಒಮ್ಮೆ ನೋಡಿ, ಮೊಸರನ್ನು ಅನ್ನದ ಮೇಲೆ ಸುರಿದುಕೊಂಡು ಕೈಯಿಂದಲೇ ಕಲಸಿದರು.